ಬಲಮಗ್ಗುಲ ಹೊಲಿಗೆ

ಒಣಗಿದ ಅಂಟಿಗೆ ಉಗುರು ಇಳಿಯಬಾರದು. ನಾವು ಕಟ್ಟುತ್ತಿದ್ದ ದೋಣಿಯ ವಿಷಯದಲ್ಲಿ ನಾನು ಪೂರ್ತಿ ಒಪ್ಪಿಕೊಂಡಿದ್ದ ಮಾತು ಇದೊಂದೇ. ಉಳಿದ ಎಲ್ಲದಕ್ಕೂ ನನ್ನ ತಕರಾರಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಫೆಲ್ಥಮ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಗ್ಗುಲಿಗೇ ಒಂದು ಗ್ಯಾರೇಜಿತ್ತು. ಕಾರಿರಲಿಲ್ಲ. ಅಪ್ಪ ಹತ್ತಿರದ ಹೀಥ್ರೂ ವಿಮಾನ ನಿಲ್ದಾಣದಲ್ಲಿ ವಿಮಾನಗಳ ಹೊಟ್ಟೆಗೆ ಸಾಮಾನು ತುಂಬುವ ಕೆಲಸದಲ್ಲಿದ್ದವನು, ಬೆನ್ನು ಕೆಟ್ಟು, ಭಾರ ಎತ್ತಬಾರದೆಂದು ಡಾಕ್ಟರು ಬರೆದುಕೊಟ್ಟ ಮೇಲೆ ಮನೆಯಲ್ಲೇ ಇದ್ದ. ಲೈಬ್ರರಿಯವರು ಹಳೆಯ ಪತ್ರಿಕೆಗಳನ್ನು ವಿಲೇವಾರಿ ಮಾಡುತ್ತಿದ್ದಾಗ ಅವನಿಗೆ ಒಂದು ನಕ್ಷೆ ಸಿಕ್ಕಿತು. ಹನ್ನೊಂದು ಅಡಿಯ ಹಾಯಿದೋಣಿ, ಪ್ಲೈವುಡ್ಡಿನದು, ಮನೆಯಲ್ಲೇ ಕಟ್ಟಬಹುದಾದದ್ದು. ಅದನ್ನು ಊಟದ ಟೇಬಲ್ಲಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ವಾಟಿ ಇಟ್ಟು, "ಇದನ್ನ ಮಾಡೂಣು" ಅಂದ.

ನಾನು ವಿರೋಧದ ಪಕ್ಷ ಹಿಡಿದೆ. ಧಾರವಾಡದ ಕಾಲೇಜಿನ ಚರ್ಚಾಕೂಟದಲ್ಲೂ, ಇಲ್ಲಿಗೆ ಬಂದ ಮೇಲೆ ಯುನಿವರ್ಸಿಟಿಯಲ್ಲೂ ಅದೇ ನನ್ನ ಜಾಗ. ನಮ್ಮ ಮನೆತನದಲ್ಲಿ ಕೆರೆಗೆ ಇಳಿದವರೇ ಇಲ್ಲ, ಇನ್ನು ದೋಣಿ? ನಿನಗೆ ಈಜು ಬರುವುದಿಲ್ಲ. ಬಡಗಿಯ ಕೆಲಸ ನಮ್ಮಿಬ್ಬರಿಗೂ ಗೊತ್ತಿಲ್ಲ. ಒಂದು, ಎರಡು, ಮೂರು ಎಂದು ಬೆರಳು ಮಡಚಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ಇಷ್ಟ ವರ್ಷ ಬ್ಯಾರೇದವರ ಸಾಮಾನು ಹತ್ತಿಸೇನಿ," ಅಂದ. "ಒಮ್ಮೆ ನಾ ಹತ್ತತೇನಿ."

ನಾನು ಒಂದು ಷರತ್ತು ಮಾತ್ರ ಹಾಕಿದೆ: ಪ್ರತಿಯೊಂದು ಹಂತವನ್ನೂ ಪರೀಕ್ಷಿಸಿಯೇ ಮುಂದಿನದಕ್ಕೆ ಹೋಗಬೇಕು. ಅಪ್ಪ ತಲೆಯಾಡಿಸಿದ. ಆ ಷರತ್ತನ್ನು ಮುರಿದವಳು ನಾನೇ.

ಮೇ ತಿಂಗಳಲ್ಲಿ ಶುರು ಮಾಡಿದೆವು. ನಕ್ಷೆಯಲ್ಲಿ ಅಂಕಿಗಳ ಒಂದು ಪಟ್ಟಿ ಇರುತ್ತದೆ. ಹಲಗೆಯ ಅಂಚಿನಿಂದ ಎಷ್ಟು ದೂರಕ್ಕೆ ಎಷ್ಟು ಎತ್ತರ ಎಂದು ಚುಕ್ಕೆ ಇಡುತ್ತ ಹೋಗಬೇಕು. ಚುಕ್ಕೆಗಳ ಮೇಲೆ ಮೊಳೆ ಹೊಡೆದು, ಒಂದು ತೆಳ್ಳನೆಯ ಪಟ್ಟಿಯನ್ನು ಅವುಗಳಿಗೆ ಒತ್ತಿ ಬಾಗಿಸಿ, ಅದರಗುಂಟ ಪೆನ್ಸಿಲ್ ಎಳೆದರೆ ದೋಣಿಯ ಬಾಗು ಮೂಡುತ್ತದೆ. ಒಂದು ಚುಕ್ಕೆ ತಪ್ಪಿದರೂ ಪಟ್ಟಿ ಅಲ್ಲಿ ಗೂನು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಇದು ನನಗೆ ಬಹಳ ಹಿಡಿಸಿತು. ತಪ್ಪು ತಾನಾಗಿಯೇ ಎದ್ದು ನಿಲ್ಲುವ ಕೆಲಸವನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ.

ಕೊಯ್ದ ಹಲಗೆಗಳ ಅಂಚಿನಲ್ಲಿ ಸಣ್ಣ ತೂತು ಕೊರೆದು, ತಾಮ್ರದ ತಂತಿ ತೂರಿಸಿ, ಒಂದಕ್ಕೊಂದು ಹೊಲಿಯಬೇಕು. ನಿಜವಾಗಿಯೂ ಹೊಲಿಗೆಯೇ. ಅವ್ವ ಕೌದಿ ಹೊಲಿಯುವವಳು. ಬಾಗಿಲಲ್ಲಿ ನಿಂತು ನೋಡಿ, "ಟಾಕಿ ಭಾಳ ದೂರ ದೂರ ಹಾಕಾಕತ್ತೀರಿ" ಅಂದಳು. ನಕ್ಷೆ ಹೇಳಿದ್ದಕ್ಕಿಂತ ಹತ್ತಿರ ಹಾಕಿದೆವು. ತಂತಿಯನ್ನು ತಿರುವಿ ಬಿಗಿಮಾಡುತ್ತ ಬಂದಂತೆ ನೆಲದ ಮೇಲೆ ಬಿದ್ದಿದ್ದ ಚಪ್ಪಟೆ ಹಲಗೆಗಳು ಎದ್ದು ದೋಣಿಯಾದವು. ಅರ್ಧ ದಿನದ ಕೆಲಸ. ಅವ್ವ ಒಳಗೆ ಹೋಗಿ ಎಣ್ಣೆಯಲ್ಲಿ ಕಲಸಿದ ಕುಂಕುಮ ತಂದು ದೋಣಿಯ ಮೂತಿಗೆ ಬಳಿದಳು. ನಾನು ಬೇಡವೆಂದೆ. ಕಟ್ಟಿಗೆಗೆ ಎಣ್ಣೆ ತಾಗಿದರೆ ಅಂಟು ಹಿಡಿಯುವುದಿಲ್ಲ ಎಂದು ಅಂಟಿನ ಜೊತೆ ಬಂದಿದ್ದ ಕೈಪಿಡಿಯ ಪುಟ ತೆಗೆದು ತೋರಿಸಿದೆ.

"ನಾ ಪುಸ್ತಕಕ್ಕ ಹಚ್ಚಿಲ್ಲಲ್ಲ," ಅಂದಳು.

ಹೊಲಿಗೆ ಹಲಗೆಗಳನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತದೆ ಅಷ್ಟೆ. ದೋಣಿಯನ್ನು ನಿಜಕ್ಕೂ ಹಿಡಿಯುವುದು ಒಳಗಡೆಯಿಂದ ಸಂದಿಗೆ ತುಂಬುವ ಅಂಟು, ಅದರ ಮೇಲೆ ಅಂಟಿನಲ್ಲೇ ನೆನೆಸಿ ಹಾಸುವ ಗಾಜಿನ ನಾರಿನ ಪಟ್ಟಿ. ಅಂಟು ಎರಡು ಡಬ್ಬಿಯಲ್ಲಿ ಬರುತ್ತದೆ. ದೊಡ್ಡದರಲ್ಲಿ ಜೇನಿನಂಥ ರಾಳ, ಸಣ್ಣದರಲ್ಲಿ ಹಾರ್ಡ್‌ನರ್. ಎರಡನ್ನೂ ಅಳತೆಯಲ್ಲಿ ಕೂಡಿಸಿದರೆ ಮಾತ್ರ ಗಟ್ಟಿಯಾಗುತ್ತದೆ. ಕೂಡಿಸಿದ ಮೇಲೆ ಇಪ್ಪತ್ತು ನಿಮಿಷದೊಳಗೆ ಬಳಸಿ ಮುಗಿಸಬೇಕು. ಹಾಗಾಗಿ ಎಡಮಗ್ಗುಲು ನನಗೆ, ಬಲಮಗ್ಗುಲು ಅಪ್ಪನಿಗೆ ಎಂದು ಹಂಚಿಕೊಂಡು, ಅವರವರ ಅಂಟನ್ನು ಅವರವರೇ ಕಲಸುವುದೆಂದು ಮಾಡಿದೆವು. ನಾನು ಗೀರು ಅಚ್ಚಾದ ಕಪ್ಪುಗಳನ್ನು ತಂದಿದ್ದೆ. ಅಪ್ಪನಿಗೆ ಕನ್ನಡಕ ಹಾಕಿಕೊಂಡರೂ ಆ ಗೀರು ಕಾಣುತ್ತಿರಲಿಲ್ಲ. ಒಂದು ಕಡ್ಡಿಗೆ ಚಾಕುವಿನಿಂದ ತನ್ನದೇ ಗೀರು ಹಾಕಿಕೊಂಡು, ಅದನ್ನು ಖಾಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ನಿಲ್ಲಿಸಿ ಅಳೆಯುವ ಉಪಾಯ ಮಾಡಿದ.

"ಎಷ್ಟಕ್ಕ ಎಷ್ಟು?" ಎಂದು ಗ್ಯಾರೇಜಿನ ಆ ತುದಿಯಿಂದ ಕೂಗಿ ಕೇಳಿದ.

"ಐದಕ್ಕ ಒಂದು!" ಎಂದು ಈ ತುದಿಯಿಂದ ಕೂಗಿದೆ.

ಎರಡೂ ಬದಿಯ ಹೊಲಿಗೆ ಮುಗಿಯಲು ಮೂರು ವಾರಾಂತ್ಯ ಹಿಡಿದವು. ನನ್ನ ಬದಿಯನ್ನು ಉಗುರು ಒತ್ತಿ ಒತ್ತಿ ನೋಡಿದೆ; ಕಲ್ಲು. ಅಪ್ಪನ ಬದಿಯನ್ನು ನೋಡಲಿಲ್ಲ. ಅವನು ಎದುರಿಗೇ ನಿಂತಿದ್ದ. ಅವನ ಕೆಲಸಕ್ಕೆ ಉಗುರು ಒತ್ತುವುದು ಅವಮಾನ ಮಾಡಿದಂತೆ ಅನ್ನಿಸಿತು. ಎಲ್ಲವನ್ನೂ ಸಂಶಯದಿಂದ ನೋಡುವವಳು ಅಲ್ಲಿ ಮಾತ್ರ ಮರ್ಯಾದೆ ತೋರಿಸಿದೆ.

ಆಮೇಲೆ ಎರಡೂ ಬದಿಗೆ ಉದ್ದಕ್ಕೂ ಕೂರುವ ಪೆಟ್ಟಿಗೆಗಳನ್ನು ಕಟ್ಟಿದೆವು. ಇವು ಆಸನವೂ ಹೌದು, ದೋಣಿಯ ಪ್ರಾಣವೂ ಹೌದು. ಒಳಗೆ ಗಾಳಿ ಮಾತ್ರ ಇರುತ್ತದೆ. ದೋಣಿ ಮಗುಚಿ ನೀರು ತುಂಬಿಕೊಂಡರೂ ಇವು ಅದನ್ನು ತೇಲಿಸುತ್ತವೆ. ಪೆಟ್ಟಿಗೆಯ ಮುಚ್ಚಳಗಳಿಗೆ ಅಂಟನ್ನು ನಾನೇ ಕಲಸಿ, ನಾನೇ ಅಂಟಿಸಿದೆ. ಒಳಗೆ ಕೈ ಹಾಕಲು ಒಂದೊಂದು ಅಂಗೈಯಗಲದ ತೂತು, ಅದನ್ನು ಮುಚ್ಚುವ ತಿರುಪಿನ ಬಿಲ್ಲೆ, ಇಷ್ಟು ಬಿಟ್ಟರೆ ಎಲ್ಲ ಬಂದ್.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು. ಮನೆಯೊಡೆಯ ಗ್ಯಾರೇಜನ್ನು ಒಡೆದು ಕೋಣೆ ಮಾಡುತ್ತೇನೆ, ಅಕ್ಟೋಬರ್ ಒಂದಕ್ಕೆ ಖಾಲಿ ಇರಬೇಕು ಎಂದು ಕಾಗದ ಕಳಿಸಿದ. ಹತ್ತಿರದಲ್ಲಿ, ಜಲ್ಲಿ ತೆಗೆದ ಗುಂಡಿಯಲ್ಲಿ ನೀರು ನಿಂತು ಆದ ಕೆರೆಯೊಂದಿದೆ. ಅಲ್ಲಿಯ ಹಾಯಿದೋಣಿ ಕ್ಲಬ್ಬಿನಲ್ಲಿ ಒಂದೇ ಒಂದು ದೋಣಿಗೆ ಜಾಗ ಉಳಿದಿತ್ತು. ಮನೆಯಲ್ಲಿ ಕಟ್ಟಿದ ದೋಣಿಯಾದರೆ ಕ್ಲಬ್ಬಿನ ಪರೀಕ್ಷೆಯಲ್ಲಿ ಪಾಸಾಗಬೇಕು. ಆ ವರ್ಷದ ಕೊನೆಯ ಪರೀಕ್ಷೆ ಸೆಪ್ಟೆಂಬರಿನ ಕೊನೆಯ ಭಾನುವಾರ. ಪಾಸಾದರೆ ಅಪ್ಪ ಹತ್ತುತ್ತಾನೆ. ಆಗದಿದ್ದರೆ ಹನ್ನೊಂದು ಅಡಿಯ ದೋಣಿಯನ್ನು ಇಡಲು ನಮಗೆ ಎಲ್ಲೂ ಜಾಗವಿಲ್ಲ, ಕೊಯ್ದು ಒಗೆಯಬೇಕು.

ಭಾನುವಾರಕ್ಕೆ ಇನ್ನು ಹದಿನಾರು ದಿನ. ಬಣ್ಣಕ್ಕೆ ಮೊದಲು ಉಜ್ಜುತ್ತಿದ್ದೆ. ಹಿಂಭಾಗದಲ್ಲಿ, ಬಲಗಡೆಯ ಪೆಟ್ಟಿಗೆ ಮುಗಿದು ಹೊಲಿಗೆ ಹೊರಗೆ ಕಾಣುವ ಗೇಣುದ್ದ ಜಾಗದಲ್ಲಿ ಉಜ್ಜುವ ಕಾಗದ ಮೇಣ ಮೆತ್ತಿದಂತೆ ಕಟ್ಟಿಕೊಂಡಿತು. ಉಗುರು ಒತ್ತಿದೆ. ಇಳಿಯಿತು.

ಮೊದಲು ತಪ್ಪನ್ನು ಚಳಿಯ ಮೇಲೆ ಹಾಕಿದೆ. ಹೀಟರ್ ತಂದಿಟ್ಟು ಮೂರು ದಿನ ಕಾದೆ. ಉಗುರು ಮತ್ತೂ ಇಳಿಯಿತು. ನಾಲ್ಕನೆಯ ದಿನ ಅಡುಗೆಮನೆಗೆ ಹೋಗಿ ಅವ್ವನ ಮುಂದೆ ನಿಂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಣ್ಣೆ ಕಟ್ಟಿಗೆಯ ನಾರಿಗೆ ಹೇಗೆ ಇಳಿಯುತ್ತದೆ, ಇಳಿದ ಮೇಲೆ ಅಂಟು ಹೇಗೆ ಜಾರುತ್ತದೆ, ತಿಳಿಯದ ವಿಷಯದಲ್ಲಿ ಭಕ್ತಿ ಎಷ್ಟು ಅಪಾಯದ್ದು, ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಒಳ್ಳೆಯ ಭಾಷಣ. ಎದುರಿಗೆ ತೀರ್ಪುಗಾರರಿದ್ದಿದ್ದರೆ ಗೆದ್ದಿರುತ್ತಿದ್ದೆ.

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಬಾಯಿ ತೆರೆದಳು.

"ನಾ ಕುಂಕುಮ ಹಚ್ಚಿದ್ದು ಅದರ ಮೂತಿಗೆ. ನಿನ್ನ ಅಂಟು ಬಿಟ್ಟಿದ್ದು ಅದರ ಕುಂಡಿಗೆ. ಎಣ್ಣಿ ಏನ್ ನಡಕೋತ ಹೋತೇನು?"

ಅವ್ವ ರೊಟ್ಟಿ ಮಗುಚಿದಳು.

"ಮತ್ತ ನಾ ಹಚ್ಚಿದ್ದು ಹೊರಗ. ನೀವು ಮೆತ್ತಿದ್ದು ಒಳಗ. ಹೋಗು, ಮೂತಿ ಒತ್ತಿ ನೋಡಿ ಬಾ."

ಹೋಗಿ ನೋಡಿದೆ. ಮೂತಿಯ ಎಡಗಡೆ ಕಲ್ಲು. ಬಲಗಡೆ ಉಗುರು ಇಳಿಯಿತು. ತಿರುಪಿನ ಬಿಲ್ಲೆ ಬಿಚ್ಚಿ, ಪೆಟ್ಟಿಗೆಯೊಳಗೆ ತೋಳು ತೂರಿಸಿ, ಕೈಗೆಟಕಿದಷ್ಟೂ ಬಲಗಡೆಯ ಹೊಲಿಗೆಯನ್ನು ಒತ್ತುತ್ತ ಹೋದೆ. ಎಲ್ಲಿ ಒತ್ತಿದರೂ ಮೆತ್ತಗೆ. ಎಡಗಡೆಯದು ಎಲ್ಲಿ ಒತ್ತಿದರೂ ಗಟ್ಟಿ. ಅದೇ ಚಳಿ, ಅದೇ ಡಬ್ಬಿ, ಅದೇ ಕುಂಕುಮ. ಬೇರೆಯಾಗಿದ್ದದ್ದು ಕಲಸಿದ ಕೈ ಒಂದೇ.

ಅಪ್ಪನನ್ನು ಕರೆದು, ಅಂಟನ್ನು ಹೇಗೆ ಕಲಸಿದೆ, ಒಮ್ಮೆ ಮಾಡಿ ತೋರಿಸು ಅಂದೆ.

"ನೀ ಹೇಳಿದ್ಹಂಗ. ಐದಕ್ಕ ಒಂದು," ಎಂದು ತನ್ನ ಕಡ್ಡಿಯನ್ನು ತಂದು ಕೊಟ್ಟ.

ಕಡ್ಡಿಯ ಮೇಲೆ ಸಮನಾಗಿ, ಅಂದವಾಗಿ ಕೊರೆದ ಐದು ಗೀರು. ನಾಲ್ಕನೆಯ ಗೀರಿನವರೆಗೆ ರಾಳ, ಐದನೆಯದರವರೆಗೆ ಹಾರ್ಡ್‌ನರ್. ಇರಬೇಕಾಗಿದ್ದದ್ದು ಆರು.

"ಅಪ್ಪಾ, ಐದು ಪಾಲು ರಾಳ. ಅದರ ಮ್ಯಾಲ ಒಂದು ಪಾಲು ಇದು. ಒಟ್ಟು ಆರು."

"ಆರನೇದ ಎಲ್ಲಿಂದ ಬಂತು?" ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯ. "ನಮ್ಮ ಹೊಲದಾಗ ಐದಕ್ಕ ಒಂದು ಪಾಲು ಅಂದ್ರ ರಾಶಿ ಐದು ಭಾಗ ಮಾಡಿ ಒಂದು ತಗೊಳ್ಳೂದು. ಐದೂ ಒಬ್ಬರಿಗೆ ಕೊಟ್ಟು ಮ್ಯಾಲ ಒಂದು ಯಾರಪ್ಪನ ಹೊಲದಿಂದ ತರೂದು?"

ಕಣದಲ್ಲಿ ರಾಶಿ ಹಂಚುವವನಿಗೆ ಅದು ಸರಿಯಾದ ಲೆಕ್ಕ. ನಾನು ಕೂಗಿದ ಎರಡು ಶಬ್ದಗಳಲ್ಲಿ ಎರಡೂ ಅರ್ಥಕ್ಕೆ ಜಾಗವಿತ್ತು. ಅದನ್ನು ಒಪ್ಪಿಕೊಳ್ಳುವ ಮೊದಲು, ನನ್ನ ಸ್ವಭಾವದಂತೆ, ಪುರಾವೆ ಕೇಳಿದೆ. ಪ್ಲೈವುಡ್ಡಿನ ಎರಡು ಚೂರು ತೆಗೆದುಕೊಂಡು ಒಂದಕ್ಕೆ ಅಪ್ಪನ ಅಳತೆಯ ಅಂಟು, ಇನ್ನೊಂದಕ್ಕೆ ನನ್ನ ಅಳತೆಯದು ಮೆತ್ತಿ, ಬಿಸಿನೀರಿನ ಬಾಯ್ಲರ್ ಇದ್ದ ಕಪಾಟಿನಲ್ಲಿ ಅವ್ವನ ಟವೆಲ್ಲುಗಳ ನಡುವೆ ಇಟ್ಟೆ. ಮರುದಿನ ಮಧ್ಯಾಹ್ನ ತೆಗೆದು ಬಡಿದಾಗ ನನ್ನದು ಟಕಟಕ ಸಪ್ಪಳ ಮಾಡಿತು. ಅಪ್ಪನದು ರಬ್ಬರಿನಂತೆ ಉಗುರಿಗೆ ಬಗ್ಗಿತು.

"ಹಾರ್ಡ್‌ನರ್ ಅಂದ್ರ ಗಟ್ಟಿ ಮಾಡೂದಲ್ಲೇನು?" ಅಂದ ಅಪ್ಪ. "ಹೆಚ್ಚ ಬಿದ್ರ ಹೆಚ್ಚ ಗಟ್ಟಿ ಆಗಬೇಕಲ್ಲ?"

"ಆಗೂದಿಲ್ಲ. ಅದಕ್ಕ ಜೋಡಿ ರಾಳ ಸಿಗದಿದ್ರ ಅದು ಹಂಗ ಹಸೀನ ಉಳೀತೈತಿ."

ಅಪ್ಪ ಚೂರನ್ನು ಟೇಬಲ್ಲಿನ ಮೇಲಿಟ್ಟು ಟಿವಿಯ ಕೋಣೆಗೆ ಹೋದ. ಆ ದಿನ ಗ್ಯಾರೇಜಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಈಗ ನನ್ನೆದುರಿಗೆ ಎರಡು ದಾರಿಗಳಿದ್ದವು. ಮೆತ್ತಗಿನ ಹೊಲಿಗೆಯ ಹೊರಗೆ ಕಾಣುವ ತುದಿಗಳ ಮೇಲೆ ಸರಿಯಾದ ಅಂಟಿನ ಇನ್ನೊಂದು ಪಟ್ಟಿ ಹಾಸಿ ಬಣ್ಣ ಬಳಿಯುವುದು ಒಂದು. ಉಳಿದ ಉದ್ದವೆಲ್ಲ ಪೆಟ್ಟಿಗೆಯೊಳಗಿತ್ತು. ಪರೀಕ್ಷಕರು ದೋಣಿಗೆ ನೀರು ತುಂಬಿಸಿ, ಆಮೇಲೆ ಬಿಲ್ಲೆ ಬಿಚ್ಚಿ ಕೈ ಹಾಕಿ ಒದ್ದೆಯಿದೆಯೇ ಎಂದು ನೋಡುತ್ತಾರೆ, ಉಗುರು ಒತ್ತುವುದಿಲ್ಲ. ಅರ್ಧ ಗಂಟೆಯ ಪರೀಕ್ಷೆಗೆ ಆ ಹೊಲಿಗೆ ತಾಳಿಕೊಳ್ಳಬಹುದಿತ್ತು. ಇನ್ನೊಂದು ದಾರಿ, ನಾನೇ ಗಟ್ಟಿಯಾಗಿ ಅಂಟಿಸಿದ್ದ ಮುಚ್ಚಳವನ್ನು ಕೊಯ್ದು ತೆಗೆದು, ಬಲಗಡೆಯ ಹೊಲಿಗೆಯನ್ನು ಮೂತಿಯಿಂದ ಹಿಂಭಾಗದವರೆಗೆ ಕೆರೆದು, ಮತ್ತೆ ಮೊದಲಿನಿಂದ ಮಾಡುವುದು. ಉಳಿದಿದ್ದದ್ದು ಹನ್ನೊಂದು ದಿನ.

ಮೊದಲ ದಾರಿಯ ಪರವಾಗಿ ಒಂದು ವಾದ ಕಟ್ಟಿದೆ. ಕಟ್ಟಿದಷ್ಟೂ ಚಂದವಾಗುತ್ತ ಹೋಯಿತು. ಅಂಟು ಮಾರುವ ಕಂಪನಿಯ ತಂತ್ರಜ್ಞನಿಗೆ ಫೋನು ಮಾಡಿ ಅದನ್ನೇ ಒಪ್ಪಿಸಿದೆ. ಅವನು ತಾಳ್ಮೆಯಿಂದ ಕೇಳಿ, "ಆ ದೋಣಿಯಲ್ಲಿ ಕೂರುವವರು ಯಾರು?" ಎಂದು ಕೇಳಿದ.

"ನಮ್ಮ ತಂದೆ."

"ಈಜು ಬರುತ್ತದೆಯೇ?"

"ಇಲ್ಲ."

"ಹಾಗಾದರೆ ಈ ಭಾಷಣವನ್ನು ನನಗ್ಯಾಕೆ ಮಾಡುತ್ತಿದ್ದೀರಿ?" ಅಂದ.

ಫೋನಿಟ್ಟು ಗರಗಸ ತೆಗೆದುಕೊಂಡೆ. ಆದರೆ ಅದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬರು ಬಿಸಿಗಾಳಿಯ ಯಂತ್ರ ಹಿಡಿದು ಅಂಟನ್ನು ಸಡಿಲು ಮಾಡಬೇಕು, ಇನ್ನೊಬ್ಬರು ಅದು ಆರುವ ಮೊದಲು ಕೆರೆಯಬೇಕು. ಅಪ್ಪನ ಮುಂದೆ ಹೋಗಿ ಟಿವಿಗೆ ಅಡ್ಡ ನಿಂತೆ.

"ಅಪ್ಪಾ, ಮುಚ್ಚಳ ಕೊಯ್ಯೂದೈತಿ. ಬಾ."

"ನೀ ಶ್ಯಾಣ್ಯಾಕಿ. ನೀನ ಕೊಯ್ಕೋ. ನನ್ನ ಕೈ ಹತ್ತಿದ್ದೆಲ್ಲಾ ಮೆತ್ತಗಾಗತೈತಿ."

"ತಪ್ಪಿದ್ದು ನಿನ್ನ ಕೈ ಅಲ್ಲ, ನನ್ನ ಬಾಯಿ. ಹಾಳ್ಯಾಗ ಬಿಡಿಸಿ ಬರದಿದ್ರು, ಇದು ಇಷ್ಟು, ಅದು ಇಷ್ಟು ಅಂತ. ನಾ ಅದನ್ನ ಮೂರು ಶಬ್ದ ಮಾಡಿ ಒಗದ್ನಿ."

ಅಪ್ಪ ಟಿವಿಯ ಕಡೆಗೇ ನೋಡುತ್ತಿದ್ದ. ಟಿವಿಯೇನೂ ಕಾಣುತ್ತಿರಲಿಲ್ಲ, ನಾನು ಅಡ್ಡ ಇದ್ದೆ.

"ಎರಡು ಶಬ್ದ," ಅಂದ.

"ಹೌದು. ಎರಡು."

"ಎಣಸಾಕ ನನಗ ಬರತೈತಿ."

"ಬರತೈತಿ. ಅದಕ್ಕ ಕರ್‍ಯಾಕ ಬಂದೇನಿ."

ಒಳಗಿನಿಂದ ಅವ್ವ, "ಅಕಿ ತಪ್ಪು ಅಂತ ಒಪ್ಪಿಕೊಂಡದ್ದು ನಾ ಹಡದಾಗಿಂದ ಇದ ಮೊದಲ. ಏಳ್ರಿ, ಮನಸು ತಿರಗೂದ್ರಾಗ ಏಳ್ರಿ!" ಎಂದು ಕೂಗಿದಳು. ಅಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದ.

ಮುಚ್ಚಳ ಕೊಯ್ಯಲು ಒಂದು ದಿನ ಹಿಡಿಯಿತು. ನನ್ನ ಅಂಟು ಬಿಡಲೊಲ್ಲದು. ಅದನ್ನು ಬೈಯುವುದೋ ಹೊಗಳುವುದೋ ತಿಳಿಯಲಿಲ್ಲ. ಕೆರೆಯಲು ನಾಲ್ಕು ದಿನ. ಅಪ್ಪ ಗಾಳಿ ಹಿಡಿದ, ನಾನು ಕೆರೆದೆ. ಬೆನ್ನು ಹಿಡಿದಾಗ ಅವನು ಸ್ಟೂಲಿನ ಮೇಲೆ ಕೂತು ಹಿಡಿದ. ಮೆತ್ತಗಿನ ಅಂಟು ಸುರುಳಿ ಸುರುಳಿಯಾಗಿ ಬಂತು, ಅದರಡಿಯಲ್ಲಿ ಹಲಗೆ ಬೆಳ್ಳಗೆ, ಸ್ವಚ್ಛವಾಗಿ ಉಳಿದಿತ್ತು: ಅಂಟು ಅದನ್ನು ಹಿಡಿದೇ ಇರಲಿಲ್ಲ. ಗಾಜಿನ ನಾರಿನ ಪಟ್ಟಿಯನ್ನು ತುದಿ ಹಿಡಿದು ಎಳೆದರೆ ಒಂದು ಮೊಳ ಹಾಗೇ ಎದ್ದು ಬಂತು. ಅಪ್ಪ ಯಂತ್ರ ಕೆಳಗಿಟ್ಟು ಅದನ್ನು ಕೈಗೆ ತೆಗೆದುಕೊಂಡ. ಕೆರೆಯ ನಡುವೆ ಅದು ತಾನಾಗಿಯೇ ಬಿಡುತ್ತಿತ್ತು.

ಹೊಸ ಕಡ್ಡಿಗೆ ಅಪ್ಪನೇ ಆರು ಗೀರು ಕೊರೆದ. ಐದನೆಯದರ ಮೇಲೆ ಕೆಂಪು ಬಣ್ಣ ಹಚ್ಚಿದ. ಬಲಗಡೆಯ ಅಂಟನ್ನು ಮತ್ತೆ ಅವನೇ ಕಲಸಿದ, ಅವನೇ ಮೆತ್ತಿದ. ನಾನು ಪ್ರತಿ ಅಡಿಗೂ ಉಗುರು ಒತ್ತಿ ನೋಡಿದೆ, ಅವನೆದುರಿಗೇ. ಆಮೇಲೆ ಅವನೂ ಎಡಗಡೆಗೆ ಬಂದು ನನ್ನದನ್ನು ಒತ್ತಿ ನೋಡಿದ. ಕೊನೆಯ ಮುಚ್ಚಳ ಕೂತದ್ದು ಮಂಗಳವಾರ. ಅಂಟು ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಲು ದಿನ ಉಳಿಯಲಿಲ್ಲ. ಬರಿ ಕಟ್ಟಿಗೆಯ ದೋಣಿಯನ್ನೇ ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನ ಮೇಲೆ ಕಟ್ಟಿಕೊಂಡು ಹೋದೆವು.

ಪರೀಕ್ಷಕಿ ಅರವತ್ತು ದಾಟಿದ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು. ಬಣ್ಣ ಯಾಕಿಲ್ಲ ಎಂದು ಕೇಳಿದಳು. ನೇರವಾಗಿ ಹೇಳಿದೆ: ಬಲಗಡೆಯ ಹೊಲಿಗೆ ಕೆಟ್ಟಿತ್ತು, ಕೊಯ್ದು ಹೊಸದಾಗಿ ಮಾಡಿದ್ದೇವೆ, ಐದು ದಿನದ ಅಂಟು, ಬೇಕಾದರೆ ಉಗುರು ಒತ್ತಿ ನೋಡಿ. ಅವಳು ಹುಬ್ಬೇರಿಸಿದಳು.

"ಇಲ್ಲಿಗೆ ಬರುವವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ," ಅಂದು, ಒತ್ತಿ ನೋಡಿದಳು. ಹೇಳಿದ್ದಕ್ಕೆ ಶಿಕ್ಷೆಯೋ ಏನೋ, ಅರ್ಧ ಗಂಟೆಯ ಪರೀಕ್ಷೆಯನ್ನು ಒಂದು ಗಂಟೆ ಮಾಡಿದಳು.

ದೋಣಿಯನ್ನು ದಂಡೆಯ ಹತ್ತಿರ ತೇಲಿಬಿಟ್ಟು, ಬಕೆಟ್ಟಿನಿಂದ ನೀರು ಹೊಯ್ದು ಅಂಚಿನವರೆಗೆ ತುಂಬಿಸಿದೆವು. ಐದು ತಿಂಗಳು ನೀರು ಒಳಗೆ ಬರಬಾರದೆಂದು ದುಡಿದು, ನಮ್ಮ ಕೈಯಾರೆ ತುಂಬಿಸುವ ಕೆಲಸ. ಕ್ಲಬ್ಬಿನ ಇಬ್ಬರು ಅಂಚಿನ ಮೇಲೆ ಕೂತರು. ದೋಣಿ ಇಳಿಯಿತು, ನಿಂತಿತು. ಅವ್ವ ದಂಡೆಯ ಬೆಂಚಿನ ಮೇಲೆ ಕೂತು ರೊಟ್ಟಿ-ಚಟ್ನಿಯ ಗಂಟು ಬಿಚ್ಚಿದಳು. ಅಪ್ಪ ಒಂದು ತುತ್ತನ್ನೂ ಬಾಯಿಗೆ ಹಾಕಲಿಲ್ಲ. ನೀರಿನಂಚಿಗೆ ನಿಂತು ಬಲಗಡೆಯನ್ನೇ ನೋಡುತ್ತಿದ್ದ.

ಗಂಟೆ ಮುಗಿಯಿತು. ನೀರು ತೋಡಿ ಹಾಕಿ, ಪರೀಕ್ಷಕಿ ಬಲಗಡೆಯ ಬಿಲ್ಲೆ ಬಿಚ್ಚಿ ಟಿಶ್ಯೂ ಕಾಗದ ಹಿಡಿದ ಕೈಯನ್ನು ಒಳಗೆ ಇಳಿಸಿದಳು. ಮೂಲೆ ಮೂಲೆ ಒರೆಸಿ ತೆಗೆದಳು. ಕಾಗದ ಒಣಗಿತ್ತು. ಎಡಗಡೆಯದರಿಂದ ತೆಗೆದ ಕಾಗದ ಒದ್ದೆಯಾಗಿತ್ತು.

"ಎರಡು ಚಮಚದಷ್ಟು. ಬಿಲ್ಲೆಯ ಸುತ್ತಲಿನ ರಬ್ಬರಿನಿಂದ. ನಡೆಯುತ್ತದೆ," ಎಂದು ಬರೆದುಕೊಂಡಳು.

"ಎಡಗಡೆದು ಯಾರದು?" ಎಂದು ಅವ್ವ ಬೆಂಚಿನಿಂದಲೇ ಕೇಳಿದಳು. ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಹಿಯಾದ ಹಾಳೆ ಕೈಗೆ ಬಂತು. ಮಧ್ಯಾಹ್ನ ಗಾಳಿ ಸಣ್ಣಗಿತ್ತು. ಹಾಯಿ ಏರಿಸಿದೆವು. ಅಪ್ಪ ತೇಲುಕೋಟು ಬಿಗಿದುಕೊಂಡು, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಕಾಲಿಟ್ಟು ಹತ್ತಿ ಹಿಂದೆ ಕೂತ. ಚುಕ್ಕಾಣಿಯ ಕೋಲನ್ನು ಅವನ ಕೈಗೆ ಕೊಟ್ಟು ನಾನು ಹಾಯಿಯ ಹಗ್ಗ ಹಿಡಿದೆ. ದೋಣಿ ದಂಡೆ ಬಿಟ್ಟಿತು. ಮೇಲೆ ಒಂದು ವಿಮಾನ ಚಕ್ರ ಬಿಚ್ಚಿ ಇಳಿಯುತ್ತಿತ್ತು. ಅಪ್ಪ ತಲೆಯೆತ್ತಿ ಕೂಡ ನೋಡಲಿಲ್ಲ.

ಕೆರೆಯ ಆ ದಂಡೆಗೆ ಜೊಂಡು ಬೆಳೆದಿತ್ತು. ಗಾಳಿ ನಮ್ಮನ್ನು ಅದರ ಕಡೆಗೇ ಒಯ್ಯುತ್ತಿತ್ತು.

"ಎಡಕ್ಕ!" ಅಂದೆ.

ಅಪ್ಪ ಕೋಲನ್ನು ಅಲ್ಲಾಡಿಸಲಿಲ್ಲ. ಜೊಂಡು ಹತ್ತಿರ ಬಂತು.

"ಅಪ್ಪಾ, ಎಡಕ್ಕ!"

"ಎಡಕ್ಕ ಅಂದ್ರ ಯಾವ್ದು?" ಅಂದ ಅವನು, ಯಾವ ಅವಸರವೂ ಇಲ್ಲದೆ. "ಕೋಲೋ, ದೋಣಿಯೋ? ಮೊದಲ ಅದನ್ನ ಹೇಳು."

"ದೋಣಿ."

ಅಪ್ಪ ಕೋಲನ್ನು ಬಲಕ್ಕೆ ತಳ್ಳಿದ. ಮೂತಿ ಎಡಕ್ಕೆ ಹೊರಳಿತು. ಜೊಂಡು ನಮ್ಮ ಬಲಮಗ್ಗುಲನ್ನು ಮೂತಿಯಿಂದ ಹಿಂದಿನವರೆಗೆ ಸವರುತ್ತ ಹಾದುಹೋಯಿತು.